ಗಾಜಿನಲ್ಲಿ ಕಲಸಿದ್ದನ್ನು ಗಣಿತ ಬಿಡಿಸುತ್ತದೆ

ಸೆಕೆಂಡಿಗೆ 10 ಗಿಗಾಬಿಟ್ ವೇಗದಲ್ಲಿ ಮಾಹಿತಿ ಸಾಗುತ್ತಿರುವಾಗ ಗಾಜಿನ ಎಳೆಯೊಳಗೆ ಒಂದು ಬಿಟ್‌ಗೆ ಸಿಗುವ ಜಾಗ ಹೆಚ್ಚುಕಡಿಮೆ 2 ಸೆಂಟಿಮೀಟರ್. ಅದರ ಬೆನ್ನಿಗೆ ಇನ್ನೊಂದು, ಅದರ ಬೆನ್ನಿಗೆ ಮತ್ತೊಂದು. ಹೀಗೆ ಒತ್ತೊತ್ತಾಗಿ ಹೊರಟ ಬಿಟ್‌ಗಳು ಹಳೆಯ ಮಲ್ಟಿಮೋಡ್ ಫೈಬರಿನಲ್ಲಿ ಇನ್ನೂರು ಮೀಟರ್ ಸಾಗುವಷ್ಟರಲ್ಲಿ ಹಿಗ್ಗಿ, ಅಕ್ಕಪಕ್ಕದವುಗಳ ಮೇಲೆ ಚಾಚಿಕೊಂಡು, ಆಚೆ ತುದಿಯಲ್ಲಿ ಯಾವುದು ಒಂದು, ಯಾವುದು ಸೊನ್ನೆ ಎಂದು ಗುರುತು ಸಿಗದಂತೆ ಬೆರೆತಿರುತ್ತವೆ. ಇದಕ್ಕೆ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: ಹಳೆಯ ಕೇಬಲ್ ಕಿತ್ತುಹಾಕಿ, ಹೊಸದನ್ನು ಎಳೆಯಿರಿ. ಆದರೆ ಕಳೆದ ಎರಡು ದಶಕಗಳ ಅನುಭವ ಬೇರೆಯದನ್ನೇ ಹೇಳುತ್ತದೆ. ಫೈಬರಿನ ಸಾಮರ್ಥ್ಯವನ್ನು ಗಾಜೊಂದೇ ನಿರ್ಧರಿಸುವುದಿಲ್ಲ. ಕಲಸಿಹೋದ ಸಂಕೇತವನ್ನು ಬಿಡಿಸಿ ಓದುವ ರಿಸೀವರ್ ಕೂಡ ಅಷ್ಟೇ ಮಟ್ಟಿಗೆ ನಿರ್ಧರಿಸುತ್ತದೆ. ಈ ಬಿಡಿಸುವ ಕೆಲಸಕ್ಕೆ ಈಕ್ವಲೈಸೇಶನ್ ಎಂದು ಹೆಸರು. ಸಂವಹನ ತಂತ್ರಜ್ಞಾನದಲ್ಲಿ ಇಷ್ಟು ಕಡಿಮೆ ಗಮನ ಪಡೆದು ಇಷ್ಟು ಹೆಚ್ಚು ದುಡಿದ ವಿದ್ಯೆ ಇನ್ನೊಂದಿಲ್ಲ ಎಂಬುದು ನನ್ನ ವಾದ.

ಮೊದಲು ಬಿಟ್‌ಗಳು ಕಲಸಿಕೊಳ್ಳುವುದೇಕೆ ಎಂದು ನೋಡೋಣ. ದೂರದೂರಿಗೆ ಹೋಗುವ ಸಿಂಗಲ್‌ಮೋಡ್ ಫೈಬರಿನ ತಿರುಳು ಸುಮಾರು 9 ಮೈಕ್ರೋಮೀಟರ್ ಅಗಲ. ಅಷ್ಟು ಕಿರಿದಾದ ದಾರಿಯಲ್ಲಿ ಬೆಳಕು ಒಂದೇ ಬಗೆಯಲ್ಲಿ ಸಾಗಬಲ್ಲದು. ಕಟ್ಟಡಗಳೊಳಗೆ ಬಳಸುವ ಮಲ್ಟಿಮೋಡ್ ಫೈಬರಿನ ತಿರುಳು 50 ಅಥವಾ 62.5 ಮೈಕ್ರೋಮೀಟರ್. ಎರಡರಲ್ಲೂ ಹೊರಹೊದಿಕೆಯ ಅಳತೆ 125 ಮೈಕ್ರೋಮೀಟರ್. ಅಗಲ ತಿರುಳಿನಲ್ಲಿ ಬೆಳಕಿಗೆ ನೂರಾರು ದಾರಿಗಳು. ಈ ಒಂದೊಂದು ದಾರಿಯೂ ಒಂದು ಮೋಡ್. ಕೆಲವು ನಡುವೆ ನೇರವಾಗಿ ಸಾಗಿದರೆ ಕೆಲವು ಅಂಚಿನಿಂದ ಅಂಚಿಗೆ ಓಲಾಡುತ್ತ ಸಾಗುತ್ತವೆ. ಒಂದೇ ಕ್ಷಣದಲ್ಲಿ ಹೊರಟ ಬೆಳಕು ಬೇರೆ ಬೇರೆ ಕ್ಷಣಗಳಲ್ಲಿ ತಲುಪುತ್ತದೆ. ದೊಡ್ಡ ಕಲ್ಲಿನ ಸಭಾಂಗಣದಲ್ಲಿ ವೇಗವಾಗಿ ಮಾತಾಡುವವರ ಒಂದು ಪದದ ಪ್ರತಿಧ್ವನಿ ಮುಂದಿನ ಪದದ ಮೇಲೆ ಬಿದ್ದು ಮಾತು ಅಸ್ಪಷ್ಟವಾಗುವ ಹಾಗೆ, ಒಂದು ಬಿಟ್‌ನ ಬಾಲ ಮುಂದಿನ ಬಿಟ್‌ನ ಮೇಲೆ ಬೀಳುತ್ತದೆ. ಸದ್ದು ಹೆಚ್ಚಾದದ್ದು ಇಲ್ಲಿ ತೊಂದರೆಯಲ್ಲ, ಕಡಿಮೆಯಾದದ್ದೂ ಅಲ್ಲ. ಹಿಂದಿನದು ಮುಂದಿನದಕ್ಕೆ ಅಂಟಿಕೊಂಡದ್ದೇ ತೊಂದರೆ.

ಈ ಹರಡುವಿಕೆಯ ಪ್ರಮಾಣವನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ತಿರುಳಿನ ವಕ್ರೀಭವನ ಸೂಚ್ಯಂಕ 1.46 ಇದ್ದು, ಹೊದಿಕೆಯದು ಅದಕ್ಕಿಂತ ಶೇಕಡಾ 1ರಷ್ಟು ಕಡಿಮೆ ಎಂದುಕೊಳ್ಳಿ. ಇಂಥ ಸರಳ ರಚನೆಯ ಫೈಬರಿನಲ್ಲಿ ಒಂದು ಕಿಲೋಮೀಟರ್ ಸಾಗುವಷ್ಟರಲ್ಲಿ ಅತಿ ವೇಗದ ಕಿರಣಕ್ಕೂ ಅತಿ ನಿಧಾನದ ಕಿರಣಕ್ಕೂ ನಡುವೆ ಸುಮಾರು 50 ನ್ಯಾನೋಸೆಕೆಂಡ್ ಅಂತರ ಬೀಳುತ್ತದೆ. ಸೆಕೆಂಡಿಗೆ 10 ಗಿಗಾಬಿಟ್ ವೇಗದಲ್ಲಿ ಅದು 500 ಬಿಟ್‌ಗಳ ಅವಧಿ. ಇದನ್ನು ತಗ್ಗಿಸಲೆಂದೇ ತಿರುಳಿನ ಸೂಚ್ಯಂಕವನ್ನು ನಡುವಿನಿಂದ ಅಂಚಿಗೆ ಮೆಲ್ಲಗೆ ಇಳಿಸುವ ಗ್ರೇಡೆಡ್ ಇಂಡೆಕ್ಸ್ ಫೈಬರ್ ಬಂತು. ಅಂಚಿನಲ್ಲಿ ಸುತ್ತಿ ಬರುವ ಬೆಳಕು ಅಲ್ಲಿ ಬೇಗ ಓಡುವುದರಿಂದ, ಹೆಚ್ಚು ದೂರ ಕ್ರಮಿಸಿಯೂ ನಡುವಿನ ಬೆಳಕಿನ ಜತೆ ಹೆಚ್ಚುಕಡಿಮೆ ಒಟ್ಟಿಗೇ ತಲುಪುತ್ತದೆ. ಗಣಿತ ಹೇಳುವ ಪರಿಪೂರ್ಣ ವಕ್ರರೇಖೆ ಕೈಗೂಡಿದರೆ 50 ನ್ಯಾನೋಸೆಕೆಂಡಿನ ಅಂತರ ಕೆಲವೇ ಹತ್ತು ಪಿಕೋಸೆಕೆಂಡುಗಳಿಗೆ ಇಳಿಯಬೇಕು. ಆದರೆ ಕುಲುಮೆಯಲ್ಲಿ ಆ ಪರಿಪೂರ್ಣತೆ ಸಿಗುವುದಿಲ್ಲ. ಎಷ್ಟೋ ಹಳೆಯ ಫೈಬರುಗಳ ನಟ್ಟನಡುವೆ, ತಯಾರಿಕೆಯ ಕೊನೆಯ ಹಂತದ ಬಿಸಿಗೆ, ಸೂಚ್ಯಂಕ ಸಣ್ಣ ಗುಳಿಯಂತೆ ಕುಸಿದಿರುತ್ತದೆ. ಸೂಚ್ಯಂಕದಲ್ಲಾಗುವ ಅತ್ಯಲ್ಪ ಏರುಪೇರು ಕೂಡ ತಲುಪುವ ಸಮಯದಲ್ಲಿ ದೊಡ್ಡದಾಗಿ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಒಂದು ಫೈಬರ್ ಇನ್ನೊಂದರಂತಿರುವುದಿಲ್ಲ. ಒಂದೇ ಫೈಬರಿನಲ್ಲೂ ಬೆಳಕನ್ನು ತಿರುಳಿನ ಯಾವ ಭಾಗಕ್ಕೆ ಬಿಟ್ಟಿರಿ ಎಂಬುದರ ಮೇಲೆ ಫಲಿತಾಂಶ ಬದಲಾಗುತ್ತದೆ.

ಈ ಕಥೆಯ ಅತ್ಯುತ್ತಮ ಉದಾಹರಣೆ 2000ದ ದಶಕದ ಮೊದಲ ಭಾಗದ್ದು. 1980ರ ದಶಕದಿಂದಲೂ ವಿಶ್ವವಿದ್ಯಾಲಯ, ಆಸ್ಪತ್ರೆ, ಕಚೇರಿಗಳ ಗೋಡೆಗಳೊಳಗೆ 62.5 ಮೈಕ್ರೋಮೀಟರ್ ಫೈಬರ್ ಹಾಸಲಾಗಿತ್ತು. ಸೆಕೆಂಡಿಗೆ 100 ಮೆಗಾಬಿಟ್ ವೇಗದ ಎಫ್‌ಡಿಡಿಐ ಜಾಲಕ್ಕೆ ಅದು ಬೇಕಾದಷ್ಟಾಯಿತು. ಅದರಲ್ಲಿ ಎಲ್‌ಇಡಿ ದೀಪದ ಬೆಳಕು 2 ಕಿಲೋಮೀಟರ್ ದೂರ ಹೋಗುತ್ತಿತ್ತು. ವೇಗ ನೂರು ಪಟ್ಟು ಏರಿ 10 ಗಿಗಾಬಿಟ್ ಈಥರ್ನೆಟ್ ಬಂದಾಗ ಅದೇ ಫೈಬರಿನಲ್ಲಿ 850 ನ್ಯಾನೋಮೀಟರ್ ಲೇಸರ್ ಬಳಸುವ ಸಾಮಾನ್ಯ ಸಾಧನಕ್ಕೆ ಶಿಷ್ಟಮಾನ ಅನುಮತಿಸಿದ ದೂರ 26ರಿಂದ 33 ಮೀಟರ್ ಮಾತ್ರ. ದೊಡ್ಡ ಕಟ್ಟಡದೊಳಗಿನ ಎಷ್ಟೋ ಹಾದಿಗಳಿಗೆ ಅದು ಸಾಲದು. 1300 ನ್ಯಾನೋಮೀಟರ್ ತರಂಗಾಂತರದಲ್ಲಿ ಪರಿಸ್ಥಿತಿ ತುಸು ಉತ್ತಮ: ಅಲ್ಲಿ ಆ ಫೈಬರಿನ ಮೋಡಲ್ ಬ್ಯಾಂಡ್‌ವಿಡ್ತ್ ಕಿಲೋಮೀಟರಿಗೆ 500 ಮೆಗಾಹರ್ಟ್ಸ್, ಅಂದರೆ 220 ಮೀಟರಿಗೆ ಸುಮಾರು 2.3 ಗಿಗಾಹರ್ಟ್ಸ್. ಸೆಕೆಂಡಿಗೆ 10 ಗಿಗಾಬಿಟ್ ಸಂಕೇತವನ್ನು ನೇರವಾಗಿ ಓದಲು ಇದರ ಮೂರು ಪಟ್ಟು ಬೇಕು.

ಎಂಜಿನಿಯರುಗಳ ಮುಂದೆ ಮೂರು ದಾರಿಗಳಿದ್ದವು. ಹೊಸ ಫೈಬರ್ ಹಾಸುವುದು ಒಂದು. ಎರಡನೆಯದು ನಾಲ್ಕು ಬೇರೆ ಬೇರೆ ಬಣ್ಣದ ಲೇಸರ್‌ಗಳನ್ನಿಟ್ಟು, ಕೆಲಸವನ್ನು ನಾಲ್ಕು ಪಾಲು ಮಾಡಿ, ಪ್ರತಿಯೊಂದನ್ನೂ ನಿಧಾನವಾಗಿ ಓಡಿಸುವುದು. 2002ರ ಶಿಷ್ಟಮಾನದಲ್ಲಿದ್ದ 10ಜಿಬೇಸ್-ಎಲ್‌ಎಕ್ಸ್4 ಮಾಡಿದ್ದು ಇದನ್ನೇ. ಅದು 300 ಮೀಟರ್ ತಲುಪಿತು. ಆದರೆ ನಾಲ್ಕು ಲೇಸರ್, ನಾಲ್ಕು ಡಿಟೆಕ್ಟರ್, ಬಣ್ಣಗಳನ್ನು ಕೂಡಿಸುವ ಮತ್ತು ಬಿಡಿಸುವ ದೃಗ್ಯಂತ್ರ ಎಲ್ಲವೂ ಸೇರಿ ಸಾಧನ ದೊಡ್ಡದಾಯಿತು, ದುಬಾರಿಯೂ ಆಯಿತು. ಮೂರನೆಯದು ಒಂದೇ ಲೇಸರಿನಿಂದ ಪೂರ್ಣ ವೇಗದಲ್ಲಿ ಕಳಿಸಿ, ಸಂಕೇತ ಕಲಸಿದರೆ ಕಲಸಲಿ ಎಂದು ಬಿಟ್ಟು, ಬಿಡಿಸುವ ಹೊಣೆಯನ್ನು ರಿಸೀವರಿನ ಚಿಪ್‌ಗೆ ಒಪ್ಪಿಸುವುದು. 2006ರಲ್ಲಿ ಐಇಇಇ 802.3ಎಕ್ಯೂ ಶಿಷ್ಟಮಾನವಾಗಿ ಒಪ್ಪಿಗೆ ಪಡೆದ 10ಜಿಬೇಸ್-ಎಲ್‌ಆರ್‌ಎಮ್ ಈ ದಾರಿ ಹಿಡಿದು, ಎಫ್‌ಡಿಡಿಐ ಕಾಲದ ಅದೇ ಗಾಜಿನಲ್ಲಿ 220 ಮೀಟರ್ ದೂರವನ್ನು ಸಾಧಿಸಿತು. ಗಾಜಿನಲ್ಲಿ ಒಂದು ಅಣುವೂ ಬದಲಾಗಿರಲಿಲ್ಲ. ತರಂಗಾಂತರವನ್ನು 1300ರ ಕಡೆಗೆ ಸರಿಸಿದ್ದು ಸ್ವಲ್ಪ ನೆರವಾಯಿತು, ನಿಜ. ಉಳಿದ ಅಂತರವನ್ನು ತುಂಬಿದ್ದು ಲೆಕ್ಕಾಚಾರ.

ಆ ಚಿಪ್ ಮಾಡುವ ಲೆಕ್ಕ ಯಾವುದು? ಬಂದ ಸಂಕೇತವನ್ನು ಸಣ್ಣ ಸಣ್ಣ ಅವಧಿಗಳಷ್ಟು ತಡಮಾಡಿ ಹಲವು ಪ್ರತಿಗಳನ್ನು ಮಾಡಿಕೊಳ್ಳುವುದು, ಒಂದೊಂದನ್ನೂ ಒಂದೊಂದು ತೂಕದಿಂದ ಗುಣಿಸಿ ಕೂಡುವುದು ಮೊದಲ ಹೆಜ್ಜೆ. ತೂಕಗಳು ಸರಿಯಾಗಿದ್ದರೆ, ಹರಡಿದ ಬಾಲಗಳು ಒಂದನ್ನೊಂದು ರದ್ದುಪಡಿಸಿ ಮೂಲ ಬಿಟ್ ಮತ್ತೆ ಚೂಪಾಗಿ ಎದ್ದು ಕಾಣುತ್ತದೆ. ಆದರೆ ಇಷ್ಟೇ ಸಾಲದು. ಒಂದು ಬಿಟ್‌ನ ಬೆಳಕು ಸಮಪಾಲಾಗಿ ಎರಡು ಗುಂಪುಗಳಲ್ಲಿ ಬಂದು, ಎರಡರ ನಡುವೆ 100 ಪಿಕೋಸೆಕೆಂಡ್ ಅಂತರವಿದೆ ಎಂದುಕೊಳ್ಳಿ. ಆಗ 5 ಗಿಗಾಹರ್ಟ್ಸ್ ಆವರ್ತನದಲ್ಲಿ ಎರಡೂ ಪರಸ್ಪರ ವಿರುದ್ಧವಾಗಿ ನಿಂತು ಸಂಕೇತ ಸೊನ್ನೆಯಾಗುತ್ತದೆ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ಗುಣಿಸುವ ಆತುರದಲ್ಲಿ ಹೆಚ್ಚುವುದು ಅಲ್ಲಿರುವ ಗದ್ದಲ ಮಾತ್ರ. ಇಲ್ಲಿ ನೆರವಿಗೆ ಬರುವುದು ಎರಡನೆಯ ಹೆಜ್ಜೆ, ಅಂದರೆ ಡಿಸಿಷನ್ ಫೀಡ್‌ಬ್ಯಾಕ್. ಒಂದು ಬಿಟ್ ಒಂದೋ ಸೊನ್ನೆಯೋ ಎಂದು ತೀರ್ಮಾನವಾದ ಮೇಲೆ ಅದರ ಬಾಲ ಮುಂದಿನ ಬಿಟ್‌ಗಳ ಮೇಲೆ ಎಷ್ಟು ಬೀಳುತ್ತದೆ ಎಂಬುದು ರಿಸೀವರಿಗೆ ಗೊತ್ತಿರುತ್ತದೆ. ಅಷ್ಟನ್ನು ನೇರವಾಗಿ ಕಳೆದುಬಿಟ್ಟರಾಯಿತು. ತೀರ್ಮಾನವಾದ ಬಿಟ್‌ನಲ್ಲಿ ಗದ್ದಲ ಇಲ್ಲದಿರುವುದರಿಂದ ಈ ಕಳೆಯುವಿಕೆ ಗದ್ದಲವನ್ನು ಹೆಚ್ಚಿಸುವುದಿಲ್ಲ.

ಈ ತೂಕಗಳನ್ನು ಯಾರು ಹೇಳಿಕೊಡುತ್ತಾರೆ? ಗೋಡೆಯೊಳಗಿನ ಫೈಬರಿನ ಜಾತಕ ಯಾರ ಬಳಿಯೂ ಇರುವುದಿಲ್ಲ. ರಿಸೀವರ್ ತಾನಾಗಿಯೇ ಕಲಿಯಬೇಕು. ಬರ್ನಾರ್ಡ್ ವಿಡ್ರೋ ಮತ್ತು ಟೆಡ್ ಹಾಫ್ 1960ರಲ್ಲಿ ತೋರಿಸಿಕೊಟ್ಟ ಎಲ್‌ಎಮ್‌ಎಸ್ ವಿಧಾನ ಇಂದಿಗೂ ಇದರ ಬೆನ್ನೆಲುಬು: ತೀರ್ಮಾನಕ್ಕೂ ಬಂದ ಸಂಕೇತಕ್ಕೂ ಇರುವ ವ್ಯತ್ಯಾಸ ನೋಡಿ, ಆ ತಪ್ಪು ಕಡಿಮೆಯಾಗುವ ದಿಕ್ಕಿಗೆ ಪ್ರತಿ ತೂಕವನ್ನೂ ಸ್ವಲ್ಪ ಸ್ವಲ್ಪ ಸರಿಸುತ್ತಾ ಹೋಗುವುದು. ಬೆಲ್ ಲ್ಯಾಬ್ಸ್‌ನ ರಾಬರ್ಟ್ ಲಕ್ಕಿ 1965ರಲ್ಲಿ ದೂರವಾಣಿ ತಂತಿಗಳಿಗೆ ಸ್ವಯಂಚಾಲಿತ ಈಕ್ವಲೈಸರ್ ರೂಪಿಸಿದಾಗ ಈ ಬಗೆಯ ಕಲಿಕೆ ಸಂವಹನ ಕ್ಷೇತ್ರಕ್ಕೆ ಕಾಲಿಟ್ಟಿತು. ಮನುಷ್ಯರ ಮಾತಿಗೆಂದು ಎಳೆದಿದ್ದ ಅದೇ ಎರಡು ತಾಮ್ರದ ತಂತಿಗಳಲ್ಲಿ 1960ರ ದಶಕದಲ್ಲಿ ಸೆಕೆಂಡಿಗೆ 300 ಬಿಟ್ ಸಾಗಿಸುತ್ತಿದ್ದ ಮೋಡೆಮ್ 1990ರ ದಶಕದ ಹೊತ್ತಿಗೆ 33,600 ಬಿಟ್ ಸಾಗಿಸಿತು. ಆ ನಡುವೆ ಊರೂರಿನ ತಂತಿ ಯಾರೂ ಬದಲಿಸಲಿಲ್ಲ. ಸುಧಾರಿಸಿದ್ದು ಸಂಕೇತ ಕಟ್ಟುವ, ಬಿಡಿಸುವ ಬುದ್ಧಿ. ಮಲ್ಟಿಮೋಡ್ ಫೈಬರಿನಲ್ಲಿ ನಡೆದದ್ದು ಅದೇ ಚರಿತ್ರೆಯ ಮುಂದುವರಿಕೆ. ವೇಗ ಮಾತ್ರ ಲಕ್ಷಗಟ್ಟಲೆ ಪಟ್ಟು ಹೆಚ್ಚು.

ಇದೆಲ್ಲ ಸಾಧ್ಯವಾಗುವುದಕ್ಕೆ ಒಂದು ಮೂಲಭೂತ ಕಾರಣವಿದೆ. ಮಾಹಿತಿ ಹರಡುವುದು ಬೇರೆ, ನಾಶವಾಗುವುದು ಬೇರೆ. ಫೈಬರಿನೊಳಗೆ ಬೆಳಕನ್ನು ಗಾಜೇ ಹೀರಿಕೊಂಡರೆ, ಕನೆಕ್ಟರಿನಲ್ಲಿ ಸೋರಿಹೋದರೆ, ಆ ಮಾಹಿತಿ ಹೋದಂತೆಯೇ. ಯಾವ ಗಣಿತವೂ ಅದನ್ನು ಮರಳಿ ತರಲಾರದು. ಆದರೆ ತಡವಾಗಿ ಬಂದ ಬೆಳಕು ಬಂದೇ ಬಂದಿದೆ. ತಪ್ಪು ಸಮಯಕ್ಕೆ ಬಂದಿದೆ, ಅಷ್ಟೆ. ಮಲ್ಟಿಮೋಡ್ ಫೈಬರಿನಲ್ಲಿ ಇನ್ನೊಂದು ಅನುಕೂಲವೂ ಉಂಟು. ಡಿಟೆಕ್ಟರ್ ಅಳೆಯುವುದು ಬೆಳಕಿನ ಶಕ್ತಿಯನ್ನು. ಮೋಡ್‌ಗಳ ವಿನ್ಯಾಸಗಳು ಪರಸ್ಪರ ಸ್ವತಂತ್ರವಾದ್ದರಿಂದ, ತಿರುಳಿನ ಬೆಳಕನ್ನೆಲ್ಲ ಹಿಡಿಯುವಷ್ಟು ಅಗಲದ ಡಿಟೆಕ್ಟರ್ ಇದ್ದರೆ ಅವುಗಳ ಶಕ್ತಿಗಳು ಸುಮ್ಮನೆ ಕೂಡಿಕೊಳ್ಳುತ್ತವೆ. ಹಾಗಾಗಿ ಕಲಸುವಿಕೆ ಎಷ್ಟೇ ಜಟಿಲವಾಗಿ ಕಂಡರೂ ಗಣಿತದ ದೃಷ್ಟಿಯಲ್ಲಿ ಅದು ಬರೀ ಕೂಡುವಿಕೆ. ಕೂಡಿದ್ದನ್ನು ಕಳೆಯಬಹುದು. ಜೋಡಣೆ ಸಡಿಲವಾಗಿ ಕೆಲವು ಮೋಡ್‌ಗಳ ಬೆಳಕು ಕತ್ತರಿಸಿಹೋದಾಗ ಈ ಸರಳತೆ ಮುರಿದು ಮೋಡಲ್ ಗದ್ದಲ ಹುಟ್ಟುತ್ತದೆ. ಆದ್ದರಿಂದ ಈಕ್ವಲೈಸರ್ ಇದ್ದರೂ ಕನೆಕ್ಟರುಗಳನ್ನು ಶುಚಿಯಾಗಿ, ಬಿಗಿಯಾಗಿ ಇಟ್ಟುಕೊಳ್ಳುವ ಹೊಣೆ ತಪ್ಪುವುದಿಲ್ಲ.

ಈ ವಾದಕ್ಕೆ ಎದುರಾಗುವ ಮೊದಲ ಆಕ್ಷೇಪ ನೇರವಾದದ್ದು: ಇಷ್ಟೆಲ್ಲ ಪಾಡು ಏಕೆ, ಸಿಂಗಲ್‌ಮೋಡ್ ಫೈಬರ್ ಹಾಕಿದರೆ ಮುಗಿಯಿತಲ್ಲ? ಹೊಸದಾಗಿ ಕಟ್ಟುವ ಕಟ್ಟಡಕ್ಕೆ, ಊರಿಂದೂರಿಗೆ ಹೋಗುವ ಮಾರ್ಗಕ್ಕೆ ಈ ಮಾತು ಸರಿ, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ನಡೆಯುತ್ತಿರುವ ಆಸ್ಪತ್ರೆಯ ಗೋಡೆ, ಚಾವಣಿಗಳನ್ನು ತೆರೆದು ಕೇಬಲ್ ಎಳೆಯುವ ಖರ್ಚಿನಲ್ಲಿ ಗಾಜಿನ ಪಾಲು ಕಡಿಮೆ, ಕೂಲಿ ಮತ್ತು ಅಡಚಣೆಯ ಪಾಲು ಹೆಚ್ಚು. ಜತೆಗೆ 9 ಮೈಕ್ರೋಮೀಟರ್ ತಿರುಳಿಗೆ ಲೇಸರನ್ನು ಗುರಿಹಿಡಿದು ಕೂರಿಸುವುದಕ್ಕಿಂತ 50 ಮೈಕ್ರೋಮೀಟರ್ ತಿರುಳಿಗೆ ಕೂರಿಸುವುದು ಸುಲಭ, ಅಗ್ಗ. ಡೇಟಾ ಸೆಂಟರುಗಳ ಕಿರುದೂರದ ಸಂಪರ್ಕಗಳಲ್ಲಿ ಮಲ್ಟಿಮೋಡ್ ಇಂದಿಗೂ ಉಳಿದಿರುವುದು ಇದೇ ಕಾರಣಕ್ಕೆ. 2022ರ 802.3ಡಿಬಿ ಶಿಷ್ಟಮಾನದಲ್ಲಿ ಒಂದೊಂದು ಮಲ್ಟಿಮೋಡ್ ಎಳೆ ಸೆಕೆಂಡಿಗೆ 100 ಗಿಗಾಬಿಟ್ ಹೊರುತ್ತದೆ, ಒಎಮ್4 ದರ್ಜೆಯ ಫೈಬರಿನಲ್ಲಿ 100 ಮೀಟರ್ ದೂರ. ಅಲ್ಲಿ ಲೇಸರಿನ ಗುಣಮಟ್ಟವನ್ನು ಅಳೆಯುವ ವಿಧಾನವೇ ರಿಸೀವರಿನಲ್ಲಿ ಈಕ್ವಲೈಸರ್ ಇದೆ ಎಂದು ಭಾವಿಸಿಕೊಂಡು ಹೊರಡುತ್ತದೆ. ಇನ್ನು ಸಿಂಗಲ್‌ಮೋಡ್ ಫೈಬರಿಗೂ ಈ ವಿದ್ಯೆಯಿಂದ ಬಿಡುಗಡೆ ಇಲ್ಲ. ಅಲ್ಲಿ ಬಣ್ಣ ಬಣ್ಣದ ಬೆಳಕು ಬೇರೆ ಬೇರೆ ವೇಗದಲ್ಲಿ ಓಡಿ ಬಿಟ್‌ಗಳು ಹಿಗ್ಗುತ್ತವೆ. 2008ರ ಸುಮಾರಿನಿಂದ ಮಾರುಕಟ್ಟೆಗೆ ಬಂದ ಕೊಹೆರೆಂಟ್ ರಿಸೀವರುಗಳು ಸಾವಿರಾರು ಕಿಲೋಮೀಟರಿನ ಆ ಹಿಗ್ಗುವಿಕೆಯನ್ನು ಚಿಪ್‌ನಲ್ಲೇ ಸರಿಪಡಿಸುತ್ತವೆ.

ಎರಡನೆಯ ಆಕ್ಷೇಪ ವಿದ್ಯುತ್ತಿನದು, ಮತ್ತು ಅದು ಗಂಭೀರವಾದದ್ದು. ಪ್ರತಿ ಸೆಕೆಂಡಿಗೆ ಕೋಟ್ಯಂತರ ಗುಣಾಕಾರ ಮಾಡುವ ಚಿಪ್ ಬಿಸಿಯಾಗುತ್ತದೆ. ಸಾವಿರಾರು ಸಂಪರ್ಕಗಳಿರುವ ಡೇಟಾ ಸೆಂಟರಿನಲ್ಲಿ ಆ ಬಿಸಿ ದೊಡ್ಡ ಬಿಲ್ಲಾಗಿ ಬರುತ್ತದೆ. ಅದಕ್ಕೇ ಈಚಿನ ವರ್ಷಗಳಲ್ಲಿ ಆಪ್ಟಿಕಲ್ ಮಾಡ್ಯೂಲಿನೊಳಗಿನ ಸಂಕೇತ ಸಂಸ್ಕಾರಕ ಚಿಪ್ಪನ್ನೇ ತೆಗೆದುಹಾಕುವ ಪ್ರಯತ್ನಗಳು ನಡೆದಿವೆ. ಆದರೆ ಅಲ್ಲಿ ಏನಾಗುತ್ತಿದೆ ಎಂದು ಹತ್ತಿರದಿಂದ ನೋಡಿದರೆ, ಈಕ್ವಲೈಸೇಶನ್ ಮಾಯವಾಗಿಲ್ಲ. ಮಾಡ್ಯೂಲಿನಿಂದ ಸ್ವಿಚ್ ಚಿಪ್‌ನೊಳಕ್ಕೆ ಸ್ಥಳಾಂತರಗೊಂಡಿದೆ. ಒಂದೇ ಕೆಲಸವನ್ನು ಎರಡು ಕಡೆ ಮಾಡುವ ದುಂದು ತಪ್ಪಿದೆ. ಎಸ್‌ಎಫ್‌ಪಿ ಪ್ಲಸ್ ಗಾತ್ರದ ಎಲ್‌ಆರ್‌ಎಮ್ ಮಾಡ್ಯೂಲುಗಳಲ್ಲೂ ಈಕ್ವಲೈಸರ್ ಮಾಡ್ಯೂಲಿನಲ್ಲಿರದೆ ಅದು ಕೂರುವ ಬೋರ್ಡಿನ ಮೇಲೆಯೇ ಇತ್ತು. ಲೆಕ್ಕ ಎಲ್ಲಿ ನಡೆಯಬೇಕು, ಎಷ್ಟು ನಡೆಯಬೇಕು ಎಂಬುದು ಚರ್ಚೆಯ ವಿಷಯ. ನಡೆಯಬೇಕೇ ಬೇಡವೇ ಎಂಬ ಪ್ರಶ್ನೆ ಈ ವೇಗಗಳಲ್ಲಿ ಉಳಿದಿಲ್ಲ.

ಮೂರನೆಯ ಆಕ್ಷೇಪ ನಂಬಿಕೆಯದು. ಹಿಂದಿನ ತೀರ್ಮಾನವನ್ನು ನೆಚ್ಚಿ ಮುಂದಿನದನ್ನು ಓದುವ ಯಂತ್ರ ಒಮ್ಮೆ ಎಡವಿದರೆ ಎಡವುತ್ತಲೇ ಹೋಗುವುದಿಲ್ಲವೇ? ಫೈಬರಿಗೆ ಕೈ ತಗುಲಿದರೆ, ಬಿಸಿಲಿಗೆ ಕಾದರೆ ಕಲಿತ ತೂಕಗಳು ಕೆಲಸಕ್ಕೆ ಬಾರದೆ ಹೋಗುವುದಿಲ್ಲವೇ? ತಪ್ಪು ಸರಪಳಿಯಾಗುವುದು ನಿಜ, ಆದರೆ ಸರಪಳಿ ಚಿಕ್ಕದು. ಫೀಡ್‌ಬ್ಯಾಕ್ ನೆನಪಿಡುವುದು ಕೆಲವೇ ಬಿಟ್‌ಗಳನ್ನು, ಅಷ್ಟು ಬಿಟ್‌ಗಳು ಸತತವಾಗಿ ಸರಿಯಾದರೆ ಹಳೆಯ ತಪ್ಪಿನ ಪ್ರಭಾವ ತೊಳೆದುಹೋಗುತ್ತದೆ. ಲಕ್ಷ ಕೋಟಿ ಬಿಟ್‌ಗಳಿಗೆ ಒಂದು ತಪ್ಪು ಎಂಬ ಮಿತಿಯನ್ನು ಎಲ್‌ಆರ್‌ಎಮ್ ಒಪ್ಪಿಕೊಂಡೇ ರೂಪುಗೊಂಡಿತು. ಬದಲಾವಣೆಯ ವಿಷಯಕ್ಕೆ ಬಂದರೆ, ಕಂಪನ ಮತ್ತು ಬಿಸಿಯಿಂದಾಗುವ ವ್ಯತ್ಯಾಸಗಳಿಗೆ ಮಿಲಿಸೆಕೆಂಡುಗಳೋ ಅದಕ್ಕೂ ಹೆಚ್ಚೋ ಹಿಡಿಯುತ್ತವೆ. ಒಂದು ಮಿಲಿಸೆಕೆಂಡಿನಲ್ಲಿ ರಿಸೀವರ್ ನೋಡುವ ಬಿಟ್‌ಗಳು ಒಂದು ಕೋಟಿ. ಹೊಸ ತೂಕ ಕಲಿಯಲು ಅದು ಧಾರಾಳ ಸಮಯ. ಸಾಧನಗಳನ್ನು ಪರೀಕ್ಷಿಸುವಾಗಲೂ ಶಿಷ್ಟಮಾನ ಒಂದೇ ಮಾದರಿಗೆ ತೃಪ್ತಿಪಡಲಿಲ್ಲ. ಬಾಲ ಮುಂದೆ ಚಾಚಿದ, ಹಿಂದೆ ಚಾಚಿದ, ಎರಡೂ ಕಡೆ ಚಾಚಿದ ಸಂಕೇತಗಳನ್ನು ಕೊಟ್ಟು ಮೂರರಲ್ಲೂ ಗೆಲ್ಲಬೇಕೆಂದು ವಿಧಿಸಿತು.

ಇಲ್ಲಿಯವರೆಗೆ ಹೇಳಿದ್ದು ಹಳೆಯದನ್ನು ಉಳಿಸಿಕೊಳ್ಳುವ ಕಥೆ. ಇದೇ ವಿದ್ಯೆ ಈಗ ಇನ್ನೂ ದೊಡ್ಡ ಪ್ರಶ್ನೆಗೆ ಕೈ ಹಾಕಿದೆ. ಒಂದು ಸಿಂಗಲ್‌ಮೋಡ್ ಎಳೆ ಹೊರಬಲ್ಲ ಮಾಹಿತಿಗೆ ಭೌತಶಾಸ್ತ್ರವೇ ಹಾಕಿದ ಮಿತಿ ಇದೆ, ವಾಡಿಕೆಯಲ್ಲಿ ಬಳಸುವ ತರಂಗಾಂತರಗಳಲ್ಲಿ ಅದು ಸೆಕೆಂಡಿಗೆ 100 ಟೆರಾಬಿಟ್‌ನ ಆಸುಪಾಸು. ಶಕ್ತಿ ಹೆಚ್ಚಿಸಿ ಅದನ್ನು ದಾಟಲು ಹೋದರೆ ಗಾಜೇ ಸಂಕೇತವನ್ನು ವಿಕಾರಗೊಳಿಸುತ್ತದೆ. ಹಾಗಿದ್ದರೆ ತೊಂದರೆ ಎಂದು ನಾವು ದೂರಿದ್ದ ಮೋಡ್‌ಗಳನ್ನೇ ಬೇರೆ ಬೇರೆ ವಾಹಿನಿಗಳಾಗಿ ಏಕೆ ಬಳಸಬಾರದು? ಬೆಲ್ ಲ್ಯಾಬ್ಸ್‌ನ ಜೆರಾರ್ಡ್ ಫಾಸ್ಕಿನಿ 1996ರಲ್ಲಿ ನಿಸ್ತಂತು ಸಂಪರ್ಕಕ್ಕೆ ಇಂಥದೇ ಉಪಾಯ ಹೇಳಿದ್ದರು: ಹಲವು ಆಂಟೆನಾಗಳಿಂದ ಬೇರೆ ಬೇರೆ ಮಾಹಿತಿ ಕಳಿಸಿ, ದಾರಿಯಲ್ಲಿ ಕಲಸಿದ್ದನ್ನು ಹಲವು ಆಂಟೆನಾಗಳಿಂದ ಹಿಡಿದು ಬಿಡಿಸುವುದು. ಇಂದಿನ ಮೊಬೈಲ್ ಮತ್ತು ವೈಫೈ ನಿಂತಿರುವುದು ಇದರ ಮೇಲೆ. 2000ದಲ್ಲಿ ಹೊವಾರ್ಡ್ ಸ್ಟುವರ್ಟ್ ಈ ಕಲ್ಪನೆಯನ್ನು ಮಲ್ಟಿಮೋಡ್ ಫೈಬರಿಗೆ ಅನ್ವಯಿಸಬಹುದೆಂದು ತೋರಿಸಿದರು. 2012ರಲ್ಲಿ ಪ್ರಕಟವಾದ ರೋಲಂಡ್ ರಿಫ್ ಮತ್ತು ಸಂಗಡಿಗರ ಪ್ರಯೋಗದಲ್ಲಿ ಮೂರು ಮೋಡ್‌ಗಳ, ಪ್ರತಿಯೊಂದರ ಎರಡು ಧ್ರುವೀಕರಣಗಳ ಆರು ವಾಹಿನಿಗಳು 96 ಕಿಲೋಮೀಟರ್ ಸಾಗಿದ ಮೇಲೂ ಬಿಡಿಯಾಗಿ ಕೈಗೆ ಸಿಕ್ಕವು. 2022ರಲ್ಲಿ ಜಪಾನಿನ ಎನ್‌ಐಸಿಟಿ ಸಂಸ್ಥೆ ಮಾಮೂಲಿ 125 ಮೈಕ್ರೋಮೀಟರ್ ಹೊದಿಕೆಯ ಫೈಬರಿನಲ್ಲಿ 55 ಮೋಡ್‌ಗಳನ್ನು ಬಳಸಿ, 25.9 ಕಿಲೋಮೀಟರ್ ದೂರಕ್ಕೆ ಸೆಕೆಂಡಿಗೆ 1.53 ಪೆಟಾಬಿಟ್ ಕಳಿಸಿತು. ಅಂದರೆ 1,530 ಟೆರಾಬಿಟ್.

ಇಲ್ಲಿ ಈಕ್ವಲೈಸರಿನ ಹೊರೆ ಎಷ್ಟೆಂದು ನೋಡಿ. 55 ಮೋಡ್, ಎರಡೆರಡು ಧ್ರುವೀಕರಣ, ಒಟ್ಟು 110 ವಾಹಿನಿಗಳು. ಪ್ರತಿ ವಾಹಿನಿಯೂ ಉಳಿದೆಲ್ಲದರ ಜತೆ ಬೆರೆಯಬಲ್ಲದಾದ್ದರಿಂದ 12,100 ಫಿಲ್ಟರುಗಳು ಬೇಕು. ಇಂಥ ಪ್ರಯೋಗಗಳಲ್ಲಿ ಸಂಕೇತವನ್ನು ದಾಖಲಿಸಿಕೊಂಡು ಆಮೇಲೆ ಕಂಪ್ಯೂಟರಿನಲ್ಲಿ ನಿಧಾನವಾಗಿ ಬಿಡಿಸುತ್ತಾರೆ. ಅದನ್ನು ಆಗಿಂದಾಗಲೇ ಮಾಡುವ ಚಿಪ್ ಇನ್ನೂ ಅಂಗಡಿಗೆ ಬಂದಿಲ್ಲ. ಹಾಗಾಗಿ ಇದು ನಾಳೆಯೇ ನಮ್ಮ ಮನೆ ಬಾಗಿಲಿಗೆ ಬರುತ್ತದೆ ಎಂದು ಹೇಳುವುದು ತಪ್ಪು. ಆದರೆ ಅಸಾಧ್ಯವೆಂದು ತಳ್ಳಿಹಾಕುವುದೂ ಅವಸರದ ಮಾತು. ಸ್ಟ್ಯಾನ್‌ಫರ್ಡ್‌ನ ಜೋಸೆಫ್ ಕಾನ್ ಮತ್ತು ಕಿಯಾಂಗ್-ಪೊ ಹೊ ಅವರ ಸಿದ್ಧಾಂತದ ಕೆಲಸ ಒಂದು ಅಚ್ಚರಿಯ ಸಂಗತಿಯನ್ನು ಎತ್ತಿ ತೋರಿಸಿದೆ: ಮೋಡ್‌ಗಳು ದಾರಿಯುದ್ದಕ್ಕೂ ಜೋರಾಗಿ ಬೆರೆಯುತ್ತಿದ್ದರೆ, ಹರಡುವಿಕೆ ದೂರಕ್ಕೆ ತಕ್ಕಂತೆ ಏರದೆ ದೂರದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ಪ್ರತಿ ಬೆಳಕಿನ ಪಾಲಿಗೂ ವೇಗದ ದಾರಿ, ನಿಧಾನದ ದಾರಿ ಎರಡೂ ಸರದಿಯಲ್ಲಿ ಸಿಕ್ಕಿ ಸರಾಸರಿ ಸಮವಾಗುತ್ತದೆ. ಅಂದರೆ ಹೆಚ್ಚು ಕಲಸಿದಷ್ಟೂ ಬಿಡಿಸುವ ಕೆಲಸ ಹಗುರ. ಕಲಸುವಿಕೆಯೇ ಶತ್ರು ಎಂಬ ಹಳೆಯ ತಿಳಿವಳಿಕೆಯನ್ನು ಈ ಫಲಿತಾಂಶ ತಲೆಕೆಳಗು ಮಾಡಿತು. ನಿಜವಾದ ಶತ್ರು ಮೋಡ್ ಮೋಡ್‌ಗೂ ಬೇರೆಯಾದ ನಷ್ಟ. ಫೈಬರ್ ಮತ್ತು ಆಂಪ್ಲಿಫೈಯರ್ ತಯಾರಿಸುವವರು ಗಮನ ಕೊಡಬೇಕಾದದ್ದು ಅಲ್ಲಿ.

ಬೆಂಗಳೂರಿನ ಚಿಪ್ ವಿನ್ಯಾಸ ಕಚೇರಿಗಳಲ್ಲಿ ಸಂಕೇತ ಸಂಸ್ಕರಣೆಯ ಕೆಲಸ ದಶಕಗಳಿಂದ ನಡೆದಿದೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಎಲೆಕ್ಟ್ರಾನಿಕ್ಸ್ ವಿಭಾಗಗಳಲ್ಲಿ ಇದರ ಮೂಲಪಾಠಗಳು ಪಠ್ಯದಲ್ಲೂ ಇವೆ. ಆದರೆ ಪರೀಕ್ಷೆಗೆ ಸಮೀಕರಣ ಬಾಯಿಪಾಠ ಮಾಡುವಲ್ಲಿಗೇ ಎಷ್ಟೋ ಕಡೆ ಅದು ನಿಂತುಬಿಡುತ್ತದೆ. ಕಲಸಿದ ಒಂದು ಸಂಕೇತ, ಹತ್ತಿಪ್ಪತ್ತು ತೂಕಗಳು, ಎಲ್‌ಎಮ್‌ಎಸ್‌ನ ಒಂದೆರಡು ಸಾಲು ಪ್ರೋಗ್ರಾಮ್ ಇದ್ದರೆ ಸಾಮಾನ್ಯ ಲ್ಯಾಪ್‌ಟಾಪಿನಲ್ಲೇ ಮುಚ್ಚಿಹೋದ ಬಿಟ್‌ಗಳು ಮತ್ತೆ ತೆರೆದುಕೊಳ್ಳುವುದನ್ನು ವಿದ್ಯಾರ್ಥಿ ಕಣ್ಣಾರೆ ಕಾಣಬಹುದು. ಕಲಿಸುವವರು ದಯವಿಟ್ಟು ಅದನ್ನು ಮಾಡಿಸಲಿ. ಜಾಲ ಮೇಲ್ದರ್ಜೆಗೇರಿಸುವ ಸಂಸ್ಥೆಗಳಿಗೂ ಒಂದು ಮನವಿ: ಗೋಡೆ ಒಡೆಯುವ ಟೆಂಡರ್ ಕರೆಯುವ ಮುನ್ನ ಒಳಗಿರುವ ಫೈಬರಿನ ಉದ್ದ, ದರ್ಜೆ, ಕನೆಕ್ಟರುಗಳ ಸ್ಥಿತಿಯನ್ನು ಅಳೆಸಿ ನೋಡಿ. ಅಲ್ಲಿ ಬೆಳಕು ಸೋರಿಹೋಗುತ್ತಿದ್ದರೆ ಫೈಬರ್ ಬದಲಿಸಿ. ಬರೀ ಹರಡುತ್ತಿದ್ದರೆ ಮೊದಲು ರಿಸೀವರ್ ಬದಲಿಸಿ ನೋಡಿ.